ಮಲೆನಾಡಿನ ಮಳೆಯಲ್ಲಿ ಡೀಸೆಲ್ ಗಾಡಿಯ ಸ್ಪೇರ್ ಪಾರ್ಟ್ ಕಾಪಾಡುವುದು ಹೇಗೆ?

ಟೊಯೊಟಾ ಕ್ವಾಲಿಸ್ ನಮ್ಮ ಬಿಡದಿಯಲ್ಲೇ ತಯಾರಾದ ಗಾಡಿ. 2000ದಲ್ಲಿ ಬಂತು, 2005ರಲ್ಲಿ ಇನೋವಾಗೆ ಜಾಗ ಬಿಟ್ಟುಕೊಟ್ಟಿತು. ಆದರೂ ತೀರ್ಥಹಳ್ಳಿ, ಕೊಪ್ಪ, ಮೂಡಿಗೆರೆ, ಸೋಮವಾರಪೇಟೆ ಕಡೆ ಅದರ 2.4 ಲೀಟರ್ ಡೀಸೆಲ್ ಎಂಜಿನ್ನಿನ ಸದ್ದು ಇನ್ನೂ ಕೇಳುತ್ತದೆ. ತೋಟದ ದಾರಿಗಳಲ್ಲಿ ಪ್ಯೂಜೋ ಎಂಜಿನ್ನಿನ ಹಳೆ ಮಹೀಂದ್ರಾ ಜೀಪುಗಳೂ ಏರು ಹತ್ತುತ್ತಿವೆ. ಇಂಥ ಗಾಡಿ ಇಟ್ಟುಕೊಂಡವರ ಮನೆಯಲ್ಲಿ ಸ್ಪೇರ್ ಪಾರ್ಟ್‌ಗಳ ಒಂದು ಮೂಲೆ ಇದ್ದೇ ಇರುತ್ತದೆ. ಬೆಂಗಳೂರಿನ ಜೆ.ಸಿ. ರಸ್ತೆಯಿಂದ ತಂದ, ಎಂಜಿನ್ನಿನೊಳಗೆ ಡೀಸೆಲ್ ಸಿಂಪಡಿಸುವ ನಾಝಲ್, ಅದಕ್ಕೆ ಡೀಸೆಲ್ ಒತ್ತಿ ಕಳಿಸುವ, ಗುಜರಿಯಲ್ಲಿ ಸಿಕ್ಕ ಪಂಪು, ಯಾರೋ ಗಾಡಿ ಮಾರುವಾಗ ಕೊಟ್ಟುಹೋದ ಗ್ಯಾಸ್ಕೆಟ್ ಸೆಟ್ಟು.

ತಂದಿಡುವುದು ಸುಲಭ. ಬೇಕಾದ ದಿನ ಡಬ್ಬಿ ತೆರೆದರೆ ಬೇರಿಂಗಿಗೆ ತುಕ್ಕು, ಆಯಿಲ್ ಸೀಲಿಗೆ ಬಿರುಕು, ನಾಝಲ್ಲಿನ ಸೂಜಿ ಅಲ್ಲಾಡುತ್ತಲೇ ಇಲ್ಲ. ಗಾಡಿಗೆ ಒಂದು ದಿನವೂ ಹಾಕದ ಸಾಮಾನು ಕೂತಲ್ಲೇ ಕೆಟ್ಟಿರುತ್ತದೆ. ಮಳೆ ಜಾಸ್ತಿ ಇರುವ ಊರಿನಲ್ಲಿ ಇದನ್ನು ತಪ್ಪಿಸಲು ಸ್ವಲ್ಪ ಕೆಲಸ ಇದೆ.

ಮೊದಲು, ಏನನ್ನು ಇಡಬಾರದು

ಆಯಿಲ್ ಫಿಲ್ಟರ್, ಡೀಸೆಲ್ ಫಿಲ್ಟರ್, ಬ್ರೇಕ್ ಲೈನಿಂಗ್ ಎಲ್ಲಾ ತಾಲ್ಲೂಕು ಕೇಂದ್ರದಲ್ಲೂ ಸಿಗುತ್ತವೆ. ಒಂದೊಂದು ಇದ್ದರೆ ಸಾಕು. ಬ್ಯಾಟರಿಯನ್ನಂತೂ ಸ್ಪೇರ್ ಎಂದು ಇಡಲೇಬೇಡಿ. ಸುಮ್ನೆ ಕೂತರೂ ಅದರ ಚಾರ್ಜ್ ಇಳಿಯುತ್ತದೆ. ಇಳಿದು ಹಾಗೇ ಉಳಿದರೆ ಒಳಗಿನ ಪ್ಲೇಟುಗಳೇ ಹಾಳಾಗುತ್ತವೆ. ಬ್ರೇಕ್ ಆಯಿಲ್ ಕೂಡ ಅಷ್ಟೇ. ಅದು ಗಾಳಿಯಲ್ಲಿನ ನೀರನ್ನು ಹೀರುವ ದ್ರವ. ಸೀಲ್ ಒಡೆದ ಡಬ್ಬಿಯನ್ನು ಮುಂದಿನ ವರ್ಷಕ್ಕೆ ಎಂದು ಎತ್ತಿಡುವುದು ಉಳಿತಾಯವಲ್ಲ, ಅಪಾಯ.

ಹುಡುಕಿದರೂ ಸಿಗದ ಸಾಮಾನು ಯಾವುದು, ದಾರಿಯಲ್ಲಿ ಕೈಕೊಟ್ಟರೆ ಗಾಡಿ ನಿಂತೇ ಹೋಗುವ ಸಾಮಾನು ಯಾವುದು ಎಂದು ನಿಮ್ಮ ಮೆಕ್ಯಾನಿಕ್ ಹತ್ತಿರ ಕೇಳಿ. ಆ ಪಟ್ಟಿಗಷ್ಟೇ ದುಡ್ಡು ಹಾಕಿ.

ಜಾಗ ಹುಡುಕಿ

ಕಬ್ಬಿಣ ತುಕ್ಕು ಹಿಡಿಯಲು ಮೇಲೆ ನೀರೇ ಬೀಳಬೇಕೆಂದಿಲ್ಲ. ಗಾಳಿಯ ತೇವಾಂಶ ಶೇ 60 ದಾಟಿದರೆ ಸಾಕು, ತುಕ್ಕು ಚುರುಕಾಗುತ್ತದೆ. ಆಗುಂಬೆ ಕಡೆ ಆಷಾಢದಲ್ಲಿ ತೇವಾಂಶ ಶೇ 80ಕ್ಕಿಂತ ಕೆಳಗೆ ಇಳಿಯುವುದೇ ಅಪರೂಪ. ಉಪ್ಪಿನಕಾಯಿ ಭರಣಿಗೆ ಮಾಡುವ ಕಾಳಜಿಯನ್ನೇ ಸ್ಪೇರಿಗೂ ಮಾಡಬೇಕು: ಒಣಗಿದ ಕೈ, ಒಣಗಿದ ಡಬ್ಬಿ, ಬಿಗಿ ಮುಚ್ಚಳ.

ಶೀಟಿನ ಶೆಡ್ಡು ಬೇಡ. ಹಗಲು ಕಾದು ರಾತ್ರಿ ತಣ್ಣಗಾದಾಗ ಶೀಟಿನಡಿ ಮತ್ತು ಲೋಹದ ಮೇಲೆ ನೀರಿನ ಹನಿ ಕಟ್ಟುತ್ತದೆ. ಅಡುಗೆಮನೆ ಒಲೆಯ ಮೇಲಿನ ಅಟ್ಟ ಒಣಗಿರುತ್ತದೆ ನಿಜ. ಆದರೆ ಆ ಬಿಸಿ ರಬ್ಬರಿಗೆ ಆಗದು, ಹೊಗೆ ಲೋಹಕ್ಕೆ ಆಗದು. ಮನೆಯ ಒಳಕೋಣೆಯ ಕಬ್ಬಿಣದ ಬೀರು ಎಲ್ಲಕ್ಕಿಂತ ಒಳ್ಳೆಯದು. ಹೊರಗೋಡೆಗೆ ತಾಗಿಸದೆ, ನೆಲದಿಂದ ಸ್ವಲ್ಪ ಎತ್ತರಿಸಿ ಇಡಿ.

ಅಡಿಕೆ ಬೆಳೆಗಾರರು ಇದನ್ನು ವಿಶೇಷವಾಗಿ ಗಮನಿಸಬೇಕು. ಬೋರ್ಡೋ ದ್ರಾವಣಕ್ಕೆ ತಂದ ಮೈಲುತುತ್ತ, ಗೊಬ್ಬರದ ಚೀಲ, ಬ್ಲೀಚಿಂಗ್ ಪುಡಿ, ಬ್ಯಾಟರಿ ಆಸಿಡ್ ಇರುವ ಕೋಣೆಯಲ್ಲಿ ಸ್ಪೇರ್ ಇಡಬೇಡಿ. ಮೈಲುತುತ್ತದ ಪುಡಿ ತೇವಕ್ಕೆ ಕರಗಿ ಕಬ್ಬಿಣವನ್ನು ತಿನ್ನುತ್ತದೆ. ಗೊಬ್ಬರದಿಂದ ಏಳುವ ಅಮೋನಿಯಾ ಹಿತ್ತಾಳೆ, ತಾಮ್ರವನ್ನು ಕೆಡಿಸುತ್ತದೆ. ತೋಟದ ಮನೆಗಳಲ್ಲಿ ಇವೆಲ್ಲ ಒಂದೇ ಗೋಡೌನಿನಲ್ಲಿ ಇರುವುದೇ ಹೆಚ್ಚು, ಅಲ್ವಾ?

ಹಿಂದೆ ಬೀರುವಿನಲ್ಲಿ ಒಂದು ಸಣ್ಣ ಬಲ್ಬು ಉರಿಸುವ ರೂಢಿ ಇತ್ತು. ಅದು ಒಳ್ಳೆಯ ಉಪಾಯವೇ. ಆದರೆ ಬಿಸಿಯಾಗುವ ಹಳೆ ತಂತಿ ಬಲ್ಬಿನಿಂದ ಮಾತ್ರ ಕೆಲಸ ಆಗುತ್ತದೆ, ಎಲ್‌ಇಡಿಯಿಂದ ಆಗದು. ಎಣ್ಣೆ ಬಟ್ಟೆ, ಕಾಗದ, ರಬ್ಬರ್ ಹತ್ತಿರ ಬಲ್ಬು ಇರಲೇಬಾರದು. ಬೆಂಕಿಯ ಭಯ ಇದ್ದರೆ ಸಿಲಿಕಾ ಜೆಲ್ ಸಾಕು.

ಪ್ಯಾಕ್ ಮಾಡಲು ಫೆಬ್ರುವರಿ

ಮಳೆಗಾಲದಲ್ಲಿ ಪ್ಲಾಸ್ಟಿಕ್ ಕವರಿಗೆ ಹಾಕಿ ಬಿಗಿದರೆ ತೇವವನ್ನೂ ಒಳಗೆ ಕಟ್ಟಿ ಹಾಕಿದಂತೆ. ಹಾಗಾಗಿ ಈ ಕೆಲಸವನ್ನು ಫೆಬ್ರುವರಿ, ಮಾರ್ಚ್‌ನ ಒಣ ಮಧ್ಯಾಹ್ನಕ್ಕೆ ಇಟ್ಟುಕೊಳ್ಳಿ.

ಬಳಸಿದ ಸಾಮಾನಾದರೆ ಸೀಮೆಎಣ್ಣೆ ಅಥವಾ ಡೀಸೆಲಿನಲ್ಲಿ ತೊಳೆದು ಪೂರ್ತಿ ಒಣಗಿಸಿ. ಬರಿಗೈಯಲ್ಲಿ ಮುಟ್ಟಬೇಡಿ. ಬೆವರಿನಲ್ಲಿ ಉಪ್ಪಿದೆ. ಉಜ್ಜಿ ನುಣುಪು ಮಾಡಿದ ಉಕ್ಕಿನ ಮೇಲೆ ಬೆರಳಿನ ಗುರುತು ತುಕ್ಕಾಗಿ ಮೂಡುತ್ತದೆ. ಆಮೇಲೆ ಬರೀ ಲೋಹ ಕಾಣುವ ಕಡೆಗೆಲ್ಲ ಹೊಸ ಗ್ರೀಸ್ ಅಥವಾ ತುಕ್ಕು ತಡೆಯುವ ಎಣ್ಣೆ ಹಚ್ಚಿ. ಡಬ್ಲ್ಯೂಡಿ-40 ನೀರನ್ನು ಓಡಿಸುತ್ತದೆ, ಆದರೆ ಅದರ ಪದರ ತೆಳು. ವರ್ಷಗಟ್ಟಲೆ ಕಾಯುವ ಶಕ್ತಿ ಅದಕ್ಕಿಲ್ಲ. ಬೇಲಿ ಕಂಬಕ್ಕೆ ಬಳಿಯುವ ವೇಸ್ಟ್ ಆಯಿಲ್ ಮಾತ್ರ ಬೇಡವೇ ಬೇಡ. ಎಂಜಿನ್ನಿನಿಂದ ಇಳಿಸಿದ ಎಣ್ಣೆಯಲ್ಲಿ ಮಸಿಯ ಜೊತೆ ಆಮ್ಲವೂ ಇರುತ್ತದೆ.

ಸುತ್ತಲು ಏನು? ಪತ್ರಿಕೆಯಲ್ಲೇ ಇದನ್ನು ಬರೆಯಬೇಕಾಗಿದೆ: ಹಳೆ ಪೇಪರಿನಲ್ಲಿ ಸುತ್ತಬೇಡಿ. ನ್ಯೂಸ್‌ಪ್ರಿಂಟ್ ತೇವವನ್ನು ಹೀರಿಕೊಂಡು ಲೋಹಕ್ಕೆ ಅಂಟಿಸಿ ಇಡುತ್ತದೆ. ರಟ್ಟಿನ ಪೆಟ್ಟಿಗೆಯದೂ ಇದೇ ಗುಣ. ವಿಸಿಐ ಎಂಬ ತುಕ್ಕು ನಿರೋಧಕ ಕಾಗದ ಮತ್ತು ಕವರು ಈಗ ಆನ್‌ಲೈನಿನಲ್ಲಿ ಸಿಗುತ್ತವೆ. ಅದು ಸಿಗದಿದ್ದರೆ ಮೇಣದ ಕಾಗದ ಸುತ್ತಿ, ದಪ್ಪ ಪ್ಲಾಸ್ಟಿಕ್ ಕವರಿಗೆ ಹಾಕಿ, ಒಂದು ಚೀಲ ಸಿಲಿಕಾ ಜೆಲ್ ಇಟ್ಟು ಮುಚ್ಚಿ. ಬಣ್ಣ ಬದಲಿಸುವ ಜೆಲ್ ತಂದರೆ ಅನುಕೂಲ. ನೀಲಿ ಹರಳು ಗುಲಾಬಿಯಾದರೆ ನೀರು ಕುಡಿದು ತುಂಬಿದೆ ಎಂದರ್ಥ. ಓವನ್ನಿನಲ್ಲಿ ಸುಮಾರು 110–120 ಡಿಗ್ರಿಗೆ ಒಣಗಿಸಿ ಮತ್ತೆ ಬಳಸಬಹುದು.

ಪಂಪು, ನಾಝಲ್ಲು: ಜೀವ ಇರುವುದೇ ಇಲ್ಲಿ

ಡೀಸೆಲ್ ಗಾಡಿಯ ಸ್ಪೇರುಗಳಲ್ಲಿ ಬೆಲೆಬಾಳುವವೂ ಇವೇ, ಬೇಗ ಕೆಡುವವೂ ಇವೇ. ಬೆಂಗಳೂರಿಗೆ ಇದು ಮನೆಯ ವಿಷಯ. 1951ರಲ್ಲಿ ಹುಟ್ಟಿದ ಮೈಕೋ ಕಂಪನಿ ಆಡುಗೋಡಿಯಲ್ಲಿ ಡೀಸೆಲ್ ಪಂಪು, ನಾಝಲ್ಲುಗಳನ್ನು ಮಾಡಿ ದೇಶಕ್ಕೆಲ್ಲ ಕೊಟ್ಟಿತು. 2008ರಲ್ಲಿ ಅದರ ಹೆಸರು ಬಾಷ್ ಲಿಮಿಟೆಡ್ ಎಂದಾಯಿತು. ಗ್ಯಾರೇಜುಗಳಲ್ಲಿ ಮಾತ್ರ ಅದು ಇನ್ನೂ ಮೈಕೋ ಪಂಪೇ.

ನಾಝಲ್ಲಿನ ಸೂಜಿಗೂ ಅದರ ಬಾಡಿಗೂ ನಡುವಿನ ಸಂದು 2ರಿಂದ 4 ಮೈಕ್ರಾನ್. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗ. ಕಣ್ಣಿಗೆ ಕಾಣದ ಧೂಳು, ಒಂಚೂರು ತುಕ್ಕು ಸಾಕು, ಸೂಜಿ ಹಿಡಿದುಕೊಳ್ಳುತ್ತದೆ. ಅದಕ್ಕೇ ಹೊಸ ನಾಝಲ್ ಎಣ್ಣೆ ಹಚ್ಚಿದ ಪ್ಯಾಕಿನಲ್ಲಿ ಬರುತ್ತದೆ. ನೋಡುವ ಕುತೂಹಲಕ್ಕೆ ಅದನ್ನು ಬಿಚ್ಚಬೇಡಿ, ಎಣ್ಣೆ ಒರೆಸಬೇಡಿ. ಬಳಸಿದ ನಾಝಲ್ಲುಗಳನ್ನು ತೊಳೆಯುವಾಗ ಒಂದರ ಸೂಜಿ ಇನ್ನೊಂದರ ಬಾಡಿಗೆ ಹೋಗದಂತೆ ನೋಡಿಕೊಳ್ಳಿ. ಅವು ಜೋಡಿಯಾಗಿಯೇ ಅರೆದು ಹೊಂದಿಸಿದವು. ತುದಿಯನ್ನು ತಂತಿ ಬ್ರಷ್ಷಿನಲ್ಲಿ ಉಜ್ಜುವುದೂ ಬೇಡ.

ಪಂಪನ್ನು ಡೀಸೆಲ್ ತುಂಬಿದ ಹಾಗೇ ಎತ್ತಿಡುವವರು ಜಾಸ್ತಿ. ತಿಂಗಳುಗಟ್ಟಲೆ ಬಿಟ್ಟರೆ ಡೀಸೆಲ್ ಅಂಟಾಗುತ್ತದೆ, ಅದರಲ್ಲಿನ ನೀರು ತಳಕ್ಕಿಳಿದು ತುಕ್ಕು ತರುತ್ತದೆ. ಪಂಪು ರಿಪೇರಿ ಮಾಡುವವರ ಹತ್ತಿರ ಒಯ್ದು, ಅವರು ಪರೀಕ್ಷೆಗೆ ಬಳಸುವ ಕ್ಯಾಲಿಬ್ರೇಷನ್ ಆಯಿಲ್ಲನ್ನೇ ತುಂಬಿಸಿ ತನ್ನಿ. ಎಲ್ಲಾ ಬಾಯಿಗಳಿಗೂ ಪ್ಲಾಸ್ಟಿಕ್ ಕ್ಯಾಪ್ ಹಾಕಿ. ಬಟ್ಟೆ, ಹತ್ತಿ, ಬನಿಯನ್ ವೇಸ್ಟ್ ತುರುಕಿದರೆ ಅದರ ಎಳೆಗಳೇ ನಾಳೆ ನಾಝಲ್ಲಿಗೆ ಹೋಗುತ್ತವೆ. ಕ್ಯಾಪ್ ಇಲ್ಲದಿದ್ದರೆ ಹೊಸ ಪ್ಲಾಸ್ಟಿಕ್ ಹಾಳೆ ಮುಚ್ಚಿ ಕೇಬಲ್ ಟೈ ಬಿಗಿಯಿರಿ. ರಬ್ಬರ್ ಬ್ಯಾಂಡ್ ಒಂದು ಬೇಸಿಗೆಯಲ್ಲೇ ಉದುರಿಹೋಗುತ್ತದೆ. ಪಂಪನ್ನು ಗಾಡಿಯಲ್ಲಿ ಕೂರುವ ಭಂಗಿಯಲ್ಲೇ ಇಡಿ.

ಇನೋವಾ, ಸ್ವಿಫ್ಟ್ ಡೀಸೆಲ್ ಥರದ ಕಾಮನ್ ರೇಲ್ (ಒಂದೇ ಪೈಪಿನಿಂದ ಎಲ್ಲಾ ಇಂಜೆಕ್ಟರಿಗೂ ಡೀಸೆಲ್ ಹೋಗುವ) ಗಾಡಿಯವರಿಗೆ ಇನ್ನೊಂದು ಮಾತು. ಇಂಜೆಕ್ಟರ್ ಮೇಲೆ ಅಕ್ಷರ, ಅಂಕಿಗಳ ಕೋಡ್ ಇರುತ್ತದೆ. ಆ ಇಂಜೆಕ್ಟರ್ ಎಷ್ಟು ಡೀಸೆಲ್ ಬಿಡುತ್ತದೆ ಎಂಬ ಲೆಕ್ಕ ಅದರಲ್ಲಿದೆ. ಹಾಕುವಾಗ ಅದನ್ನು ಗಾಡಿಯ ಕಂಪ್ಯೂಟರಿಗೆ ಕೊಡಬೇಕಾಗುತ್ತದೆ. ಕೋಡ್ ಅಳಿಸಿಹೋಗುವ ಮೊದಲೇ ಫೋಟೊ ತೆಗೆದು, ಚೀಟಿಯಲ್ಲೂ ಬರೆದಿಡಿ.

ಸ್ಟಾರ್ಟ್ ಮಾಡುವಾಗ ಎಂಜಿನ್ನಿನ ಒಳಗೆ ಬಿಸಿ ಕೊಡುವ ಹೀಟರ್ ಪ್ಲಗ್ಗುಗಳು ಎಲ್ಲವೂ 12 ವೋಲ್ಟಿನವಲ್ಲ. ಕಡಿಮೆ ವೋಲ್ಟಿನದನ್ನು ತಪ್ಪಿ ಹಾಕಿದರೆ ಕೂಡಲೇ ಸುಟ್ಟುಹೋಗುತ್ತದೆ. ಆದ್ದರಿಂದ ಮೂಲ ಡಬ್ಬಿ ಎಸೆಯಬೇಡಿ. ಸೆರಾಮಿಕ್ ಪ್ಲಗ್ ಕೈಜಾರಿ ಬಿದ್ದಿದ್ದರೆ, ನೋಡಲು ಚೆನ್ನಾಗಿದ್ದರೂ, ಅದನ್ನು ಬಿಟ್ಟುಬಿಡಿ. ಒಳಗೆ ಬಿರುಕು ಬಿಟ್ಟಿದ್ದರೆ ತುದಿ ಮುರಿದು ಸಿಲಿಂಡರಿಗೆ ಬೀಳುತ್ತದೆ.

ರಬ್ಬರಿಗೆ ವಯಸ್ಸಿದೆ

ಲೋಹವನ್ನು ಎಣ್ಣೆ ಕಾಯುತ್ತದೆ, ರಬ್ಬರನ್ನು ಕಾಯುವುದು ಕತ್ತಲೆ ಮತ್ತು ತಂಪು. ಬಿಸಿಲು, ಶಾಖ, ಓಝೋನ್ ಈ ಮೂರೂ ಅದರ ಶತ್ರುಗಳು. ಮೋಟರು, ವೆಲ್ಡಿಂಗ್ ಕಿಡಿಯಿಂದ ಓಝೋನ್ ಹುಟ್ಟುತ್ತದೆ. ಪಂಪ್‌ಸೆಟ್ಟಿನ ಕೋಣೆಯಲ್ಲಿ ಬೆಲ್ಟು ಇಡಬಾರದು ಎನ್ನುವುದು ಇದಕ್ಕೇ.

ರಬ್ಬರ್ ಸಾಮಾನು ಇಡುವ ಬಗ್ಗೆ ಐಎಸ್‌ಒ 2230 ಎಂಬ ಅಂತರರಾಷ್ಟ್ರೀಯ ಮಾನದಂಡ ಇದೆ. 25 ಡಿಗ್ರಿ ಒಳಗಿನ ಶಾಖದಲ್ಲಿ, ಮುಚ್ಚಿದ ಪ್ಯಾಕಿನಲ್ಲಿ ಇಟ್ಟರೆ ಸಹಜ ರಬ್ಬರಿಗೆ 5 ವರ್ಷ, ಆಯಿಲ್ ಸೀಲಿಗೆ ಬಳಸುವ ನೈಟ್ರೈಲ್‌ಗೆ 7, ಶಾಖ ತಡೆಯುವ ವೈಟಾನ್ ಮತ್ತು ಸಿಲಿಕೋನ್ ರಬ್ಬರಿಗೆ 10 ವರ್ಷ ಎಂದು ಅದು ಹೇಳುತ್ತದೆ. ಆಮೇಲೆ ಪರೀಕ್ಷಿಸಿ ಇನ್ನಷ್ಟು ಕಾಲ ಇಡಬಹುದು. ಲೆಕ್ಕ ಶುರುವಾಗುವುದು ತಯಾರಾದ ದಿನದಿಂದ, ನೀವು ಕೊಂಡ ದಿನದಿಂದಲ್ಲ. ಹಳೆ ಸ್ಟಾಕ್ ಅಗ್ಗಕ್ಕೆ ಸಿಕ್ಕಿತೆಂದು ಖುಷಿಪಡುವ ಮೊದಲು ತಾರೀಖು ನೋಡಿ.

ಕ್ವಾಲಿಸ್‌ನಲ್ಲಿ ಟೈಮಿಂಗ್ ಬೆಲ್ಟ್ (ಎಂಜಿನ್ನಿನ ವಾಲ್ವುಗಳನ್ನು ಹೊತ್ತಿಗೆ ಸರಿಯಾಗಿ ಆಡಿಸುವ ಬೆಲ್ಟು) ಇದೆ. ಒಂದು ಲಕ್ಷ ಕಿಲೋಮೀಟರಿಗೆ ಅದನ್ನು ಬದಲಿಸಬೇಕು. ಸ್ಪೇರ್ ಬೆಲ್ಟನ್ನು ಮೊಳೆಗೆ ನೇತುಹಾಕಬೇಡಿ. ತನ್ನದೇ ಭಾರಕ್ಕೆ ಒಂದೇ ಜಾಗದಲ್ಲಿ ಬಾಗಿ ಒಳಗಿನ ದಾರ ಏಟು ತಿನ್ನುತ್ತದೆ. ಮಡಿಸಬಾರದು, ತಿರುಚಬಾರದು, ಒಳಮೈ ಹೊರಮೈ ಮಾಡಬಾರದು. ಬಂದ ಡಬ್ಬಿಯಲ್ಲೇ ಮಲಗಿಸಿ. ಬ್ರೇಕಿನ ರಬ್ಬರ್ ಕಿಟ್ಟಿಗೆ ಗ್ರೀಸ್, ಎಂಜಿನ್ ಆಯಿಲ್ ಸೋಕಬಾರದು. ಅದು ಉಬ್ಬಿಬಿಡುತ್ತದೆ. ಗ್ರೀಸ್ ಹಚ್ಚಿದ ಸಾಮಾನಿನ ಪಕ್ಕದಲ್ಲೂ ಬೇಡ, ಬೇರೆ ಡಬ್ಬಿಯಲ್ಲಿಡಿ.

ಉಳಿದವು

ಹೆಡ್ ಗ್ಯಾಸ್ಕೆಟ್ಟನ್ನು ಹಲಗೆಯ ಮೇಲೆ ಚಪ್ಪಟೆಯಾಗಿ ಮಲಗಿಸಿ, ಮೇಲೆ ಏನನ್ನೂ ಹೇರಬೇಡಿ. ಹಲವು ಡೀಸೆಲ್ ಎಂಜಿನ್ನುಗಳ ಗ್ಯಾಸ್ಕೆಟ್ ಬೇರೆ ಬೇರೆ ದಪ್ಪದಲ್ಲಿ ಬರುತ್ತದೆ. ಅಂಚಿನ ಕಚ್ಚುಗಳೇ ಅದರ ಗುರುತು. ಬೇರಿಂಗನ್ನು ಮೂಲ ಪ್ಯಾಕಿನಿಂದ ತೆಗೆಯಬೇಡಿ. ಅಡಿಕೆ ಸುಲಿಯುವ ಯಂತ್ರದ ಹತ್ತಿರ ನಡುಗುವ ನೆಲದ ಮೇಲಂತೂ ಬೇಡ. ತಿರುಗದೆ ನಡುಗಿದರೆ ಗುಂಡುಗಳು ಕೂತಲ್ಲೇ ಗುಂಡಿ ಬೀಳಿಸುತ್ತವೆ. ಕ್ರ್ಯಾಂಕ್ ಶಾಫ್ಟನ್ನು ಫ್ಲೈವೀಲ್ ಕಡೆ ಕೆಳಗಾಗಿ ನೆಟ್ಟಗೆ ನಿಲ್ಲಿಸಿ ಗೋಡೆಗೆ ಕಟ್ಟಿ, ಮಕ್ಕಳ ಮೇಲೆ ಬೀಳದ ಹಾಗೆ. ಟರ್ಬೊವನ್ನು ಆಕ್ಚುವೇಟರ್ ಕಡ್ಡಿ ಹಿಡಿದು ಎತ್ತಬಾರದು. ಅದರ ಆಯಿಲ್ ತೂತಿಗೆ ಸ್ವಲ್ಪ ಹೊಸ ಎಂಜಿನ್ ಆಯಿಲ್ ಬಿಟ್ಟು, ಕೈಯಿಂದ ತಿರುಗಿಸಿ, ಎಲ್ಲಾ ಬಾಯಿ ಮುಚ್ಚಿ. ಏರ್ ಫಿಲ್ಟರ್ ಇಲಿಗೆ ಗೂಡಾಗದಂತೆ ತಗಡಿನ ಡಬ್ಬದಲ್ಲಿರಲಿ.

ಚೀಟಿ ಬರೆಯಿರಿ

ಪ್ರತಿ ಕವರಿನ ಮೇಲೂ ನಾಲ್ಕು ವಿಷಯ ಬೇಕು: ಪಾರ್ಟ್ ನಂಬರ್, ಯಾವ ಗಾಡಿಗೆ, ಪ್ಯಾಕ್ ಮಾಡಿದ ತಿಂಗಳು, ಹೊಸದೋ ಬಳಸಿದ್ದೋ. ಚೀಟಿ ಕವರಿನ ಒಳಗೂ ಒಂದಿರಲಿ, ಹೊರಗಿನದು ಮಾಸಿಹೋಗುತ್ತದೆ. ಒಟ್ಟು ಪಟ್ಟಿಯನ್ನು ಬೀರುವಿನ ಬಾಗಿಲಿಗೆ ಅಂಟಿಸಿ. ನೀವು ಊರಲ್ಲಿಲ್ಲದಾಗ ಗಾಡಿ ನಿಂತರೆ ಮನೆಯವರೇ ತೆಗೆದುಕೊಡಬಹುದು.

ಮಳೆಗಾಲ ಮುಗಿದ ಮೇಲೆ ಒಂದು ಸಲ, ಮುಂದಿನ ಮಳೆಗೆ ಮೊದಲು ಒಂದು ಸಲ ಬೀರು ತೆರೆದು ನೋಡಿ. ಬಣ್ಣ ಬದಲಿಸಿದ ಜೆಲ್ ಒಣಗಿಸಿ. ಇನ್‌ಲೈನ್ ಪಂಪಿದ್ದರೆ (ಪ್ರತಿ ಸಿಲಿಂಡರಿಗೂ ಒಂದೊಂದು ಪ್ಲಂಜರ್ ಸಾಲಾಗಿ ಇರುವಂಥದ್ದು) ಅದರ ಲಿವರನ್ನು ಎರಡು ಸಲ ಆಡಿಸಿ, ಡೀಸೆಲ್ ಹೆಚ್ಚು ಕಡಿಮೆ ಮಾಡುವ ಒಳಗಿನ ಹಲ್ಲಿನ ಕಡ್ಡಿ (ರ‍್ಯಾಕ್) ಹಿಡಿದುಕೊಳ್ಳುವುದಿಲ್ಲ. ಸ್ಟಾರ್ಟರ್, ಆಲ್ಟರ್ನೇಟರ್ ಶಾಫ್ಟನ್ನು ಕೈಯಿಂದ ತಿರುಗಿಸಿ. ವಯಸ್ಸಾಗುತ್ತಿರುವ ಬೆಲ್ಟು, ಸೀಲು ಕಂಡರೆ ಮುಂದಿನ ಸರ್ವಿಸಿಗೆ ಅದನ್ನೇ ಹಾಕಿಸಿ, ಹೊಸದನ್ನು ತಂದು ಬೀರುವಿಗೆ ಸೇರಿಸಿ.

ಹಾಕಿಸುವ ದಿನ ಹಚ್ಚಿದ ಗ್ರೀಸನ್ನು ಪೂರ್ತಿ ತೊಳೆಯಲು, ಕ್ಯಾಪುಗಳನ್ನು ಎಣಿಸಿ ತೆಗೆಯಲು ಮೆಕ್ಯಾನಿಕ್‌ಗೆ ಹೇಳಿ. ನಾಝಲ್ಲಿನ ಕೆಳಗಿನ ತಾಮ್ರದ ವಾಷರ್ ಮಾತ್ರ ಪ್ರತಿ ಸಲವೂ ಹೊಸದೇ ಬೇಕು, ಅದಕ್ಕೊಂದು ಸೆಟ್ಟು ನಾಝಲ್ ಡಬ್ಬಿಯಲ್ಲೇ ಇರಲಿ.