ಪೆರು ಪ್ರವಾಸ: ಕುಸ್ಕೊ ಕೊನೆಗಿರಲಿ

ಪೆರು ಎಂದರೆ ಎಲ್ಲರಿಗೂ ಮೊದಲು ನೆನಪಾಗುವುದು ಮಾಚು ಪಿಚು, ಸ್ಪೇನಿನವರು ಬರುವ ಮುನ್ನ ಇಲ್ಲಿ ಆಳಿದ ಇಂಕಾಗಳು ಬೆಟ್ಟದ ಮೇಲೆ ಕಟ್ಟಿದ ಊರು. ಅದಕ್ಕೇ ಬಹಳಷ್ಟು ಪ್ಯಾಕೇಜ್‌ಗಳು ಪ್ರವಾಸಿಗರನ್ನು ಲಿಮಾದಲ್ಲಿ ಇಳಿಸಿ, ಮರುದಿನವೇ ಇಂಕಾಗಳ ಹಳೆಯ ರಾಜಧಾನಿ ಕುಸ್ಕೊಗೆ ವಿಮಾನ ಹತ್ತಿಸಿಬಿಡುತ್ತವೆ. ಸಮುದ್ರಮಟ್ಟದಿಂದ ಏಕಾಏಕಿ 3,400 ಮೀಟರ್ ಎತ್ತರಕ್ಕೆ! ವಿಮಾನದಲ್ಲಿ ಲೇಹ್‌ಗೆ ಹೋಗಿ ಮೊದಲೆರಡು ದಿನ ಹೋಟೆಲ್ ಹಾಸಿಗೆಯಲ್ಲೇ ಕಳೆದವರಿಗೆ ಇದರ ಪರಿಣಾಮ ಗೊತ್ತು: ತಲೆನೋವು, ವಾಕರಿಕೆ, ರಾತ್ರಿಯಿಡೀ ನಿದ್ದೆಯಿಲ್ಲ. ಇದನ್ನು ತಪ್ಪಿಸಬೇಕೆಂದರೆ ಪ್ರವಾಸದ ಕ್ರಮವನ್ನೇ ತಿರುವಿಹಾಕಬೇಕು. ಕರಾವಳಿಯ ಮರುಭೂಮಿ ಮೊದಲು, ಬಿಳಿಕಲ್ಲಿನ ಅರೆಕಿಪಾ ನಗರ ಆಮೇಲೆ, ಅನಂತರ ಮಾಚು ಪಿಚು, ಎಲ್ಲ ಮುಗಿದ ಮೇಲೆ ಕುಸ್ಕೊ. ಎರಡು ವಾರ ರಜೆ ಸಿಕ್ಕರೆ ಅವಸರವಿಲ್ಲದೆ ಮುಗಿಯುತ್ತದೆ.

ಮೊದಲು ಕಾಗದಪತ್ರ

ಅಮೆರಿಕ, ಬ್ರಿಟನ್, ಕೆನಡಾ, ಆಸ್ಟ್ರೇಲಿಯಾ ಅಥವಾ ಯುರೋಪಿನ ಷೆಂಗೆನ್ ದೇಶಗಳ ವೀಸಾ ನಿಮ್ಮ ಬಳಿ ಇದ್ದು, ಅದಕ್ಕೆ ಕನಿಷ್ಠ 6 ತಿಂಗಳ ಅವಧಿ ಉಳಿದಿದ್ದರೆ ಭಾರತೀಯರಿಗೆ ಪೆರುವಿನ ಪ್ರತ್ಯೇಕ ವೀಸಾ ಬೇಕಿಲ್ಲ. ಇಲ್ಲದಿದ್ದರೆ ದೆಹಲಿಯ ಪೆರು ರಾಯಭಾರ ಕಚೇರಿಗೆ ಅರ್ಜಿ ಹಾಕಬೇಕು. ಇಂಥ ನಿಯಮಗಳು ಆಗಾಗ ಬದಲಾಗುವುದರಿಂದ ಟಿಕೆಟ್ ಕಾಯ್ದಿರಿಸುವ ಮುನ್ನ ಒಮ್ಮೆ ಖಾತ್ರಿ ಮಾಡಿಕೊಳ್ಳಿ. ನೇರ ವಿಮಾನವಿಲ್ಲ, ಅಮೆರಿಕದ ಮೂಲಕ ಹೋಗುವುದಾದರೆ ಬರೀ ವಿಮಾನ ಬದಲಿಸುವುದಕ್ಕೂ ಅಲ್ಲಿನ ವೀಸಾ ಬೇಕು.

ಜನ ಮರೆಯುವುದು ಹಳದಿ ಜ್ವರದ ಲಸಿಕೆಯನ್ನು. ಹಳದಿ ಜ್ವರದ ಅಪಾಯವಿರುವ ದೇಶಗಳ ಪಟ್ಟಿಯಲ್ಲಿ ಪೆರು ಇದೆ. ಪ್ರಮಾಣಪತ್ರವಿಲ್ಲದೆ ಅಲ್ಲಿಂದ ಭಾರತಕ್ಕೆ ಮರಳಿದರೆ ವಿಮಾನ ನಿಲ್ದಾಣದಲ್ಲೇ ತಡೆದು ಕ್ವಾರಂಟೈನ್‌ಗೆ ಕಳಿಸಬಹುದು. ಪ್ರಮಾಣಪತ್ರ ಊರ್ಜಿತವಾಗುವುದು ಲಸಿಕೆ ಹಾಕಿಸಿಕೊಂಡ 10 ದಿನಗಳ ನಂತರ. ಸರ್ಕಾರ ಗುರುತಿಸಿದ ಕೇಂದ್ರಗಳಲ್ಲಿ ಮಾತ್ರ ಇದು ಸಿಗುತ್ತದೆ. ಒಮ್ಮೆ ಹಾಕಿಸಿದರೆ ಜೀವನಪರ್ಯಂತ ಸಾಕು.

ಆಂಡಿಸ್ ಬೆಟ್ಟಗಳಲ್ಲಿ ಮೇಯಿಂದ ಸೆಪ್ಟೆಂಬರ್‌ವರೆಗೆ ಒಣಹವೆ. ಜೂನ್ ನಂತರ ಜನಜಂಗುಳಿ ವಿಪರೀತ. ನಮ್ಮ ಮಕ್ಕಳಿಗೆ ಬೇಸಿಗೆ ರಜೆ ಇರುವ ಮೇ ತಿಂಗಳೇ ಒಳ್ಳೆಯದು.

ಮಾಚು ಪಿಚು ಟಿಕೆಟ್ ಈಗಲೇ

ನೋಡುವುದು ಕೊನೆಯ ವಾರದಲ್ಲಾದರೂ ಟಿಕೆಟ್ ಮಾತ್ರ ಎಲ್ಲಕ್ಕಿಂತ ಮೊದಲು ತೆಗೆಯಿರಿ. ಪೆರುವಿನ ಸಂಸ್ಕೃತಿ ಸಚಿವಾಲಯದ ಜಾಲತಾಣದಲ್ಲಿ ಪಾಸ್‌ಪೋರ್ಟ್ ಸಂಖ್ಯೆ ಕೊಟ್ಟು, ದಿನ ಮತ್ತು ಗಂಟೆ ಆರಿಸಿಕೊಳ್ಳಬೇಕು. ಒಳಗಿನ ದಾರಿಯನ್ನು ಮೂರು ಸರ್ಕ್ಯೂಟ್‌ಗಳಾಗಿ ವಿಂಗಡಿಸಿದ್ದಾರೆ. ಒಂದರ ಟಿಕೆಟ್‌ನಲ್ಲಿ ಇನ್ನೊಂದಕ್ಕೆ ಬಿಡುವುದಿಲ್ಲ. ಎಲ್ಲರೂ ಫೋಟೊದಲ್ಲಿ ನೋಡಿರುವ ಆ ನೋಟವೂ ಬೇಕು, ಊರಿನೊಳಗೂ ಓಡಾಡಬೇಕು ಎಂದರೆ 2ನೇ ಸರ್ಕ್ಯೂಟ್. ಮೊದಲು ಖಾಲಿಯಾಗುವುದೂ ಅದೇ. ಮಾಚು ಪಿಚುಗೆ ನಡೆದೇ ಹೋಗುವ ನಾಲ್ಕು ದಿನದ ಹಾದಿ ಇಂಕಾ ಟ್ರೇಲ್‌ನ ಆಸೆಯಿದ್ದರೆ ಇನ್ನೂ ತಿಂಗಳುಗಳ ಮೊದಲೇ ಕಾಯ್ದಿರಿಸಬೇಕು. ಗೈಡ್, ಕೂಲಿಯವರೂ ಸೇರಿ ದಿನಕ್ಕೆ 500 ಜನರಿಗೆ ಮಾತ್ರ ಅವಕಾಶ. ಫೆಬ್ರುವರಿಯಲ್ಲಿ ದಾರಿ ಪೂರ್ತಿ ಬಂದ್.

ಲಿಮಾದಿಂದ ಮರಳಿಗೆ

1535ರಲ್ಲಿ ಸ್ಪೇನಿನ ಪಿಸಾರೊ ಕಟ್ಟಿಸಿದ ಲಿಮಾಕ್ಕೆ ಎರಡು ದಿನ ಸಾಕು. ಹಳೆ ಊರಿನಲ್ಲಿ ಕೆತ್ತನೆಯ ಮರದ ಮುಚ್ಚು ಬಾಲ್ಕನಿಗಳನ್ನೂ, ಸಾನ್ ಫ್ರಾನ್ಸಿಸ್ಕೊ ಮಠದ ನೆಲಮಾಳಿಗೆಯಲ್ಲಿ ಸುತ್ತಾಗಿ ಜೋಡಿಸಿಟ್ಟ ಮೂಳೆಗಳನ್ನೂ ನೋಡಿ ಬಸ್ ಹತ್ತಿ.

ದಕ್ಷಿಣಕ್ಕೆ ಹೋಗುತ್ತಿದ್ದಂತೆ ಬಲಕ್ಕೆ ಸಮುದ್ರ, ಎಡಕ್ಕೆ ಬರೀ ಮರಳು. ಸಮುದ್ರದ ಪಕ್ಕದಲ್ಲೇ ಮರುಭೂಮಿ ಹೇಗೆ ಎಂದರೆ, ಇಲ್ಲಿ ಹರಿಯುವ ಹಂಬೋಲ್ಟ್ ಪ್ರವಾಹದ ನೀರು ತಣ್ಣಗೆ. ಅದರ ಮೇಲಿನ ಗಾಳಿಯೂ ತಂಪಾಗಿ, ಮೇಲೇರದೆ ಮಂಜಾಗಿ ಕವಿಯುತ್ತದೆಯೇ ಹೊರತು ಮಳೆಯಾಗುವುದಿಲ್ಲ. ಪರಾಕಾಸ್‌ನಲ್ಲಿ ಬೆಳಗಿನ ದೋಣಿಯಲ್ಲಿ ಬಾಯೆಸ್ತಾಸ್ ದ್ವೀಪಗಳ ಪೆಂಗ್ವಿನ್, ಕಡಲಸಿಂಹ ನೋಡಬಹುದು. ಇಕಾ ಪಕ್ಕದ ಹುವಾಕಚಿನಾದಲ್ಲಿ ದಿಬ್ಬಗಳ ನಡುವೆ ಓಯಸಿಸ್ ಇದೆ. ದಿಬ್ಬಗಳ ಮೇಲೆ ಓಡುವ ‘ಬಗ್ಗಿ’ ವಾಹನದ ಸವಾರಿ ಸಂಜೆಗಿರಲಿ, ಮೊಬೈಲ್ ಪ್ಲಾಸ್ಟಿಕ್ ಚೀಲದೊಳಗಿರಲಿ.

ನೆಲದ ಮೇಲೆ ಗೆರೆಗಳಲ್ಲಿ ಮೂಡಿಸಿದ ಭಾರಿ ಚಿತ್ರಗಳಾದ ನಾಸ್ಕಾ ರೇಖೆಗಳಿಗೆ ಮಾತ್ರ ಒಂದು ಇಡೀ ಬೆಳಗ್ಗೆ ಮೀಸಲಿಡಿ. ಇಲ್ಲಿನ ನೆಲದ ಮೇಲೆ ತುಕ್ಕುಬಣ್ಣದ ಕಲ್ಲು ಹರಡಿಕೊಂಡಿದೆ. ಆ ಕಲ್ಲನ್ನು ಪಕ್ಕಕ್ಕೆ ಸರಿಸಿದರೆ ಕೆಳಗೆ ತಿಳಿಬಣ್ಣದ ಮಣ್ಣು. ಗೆರೆ ಎಂದರೆ ಅಷ್ಟೇ, ಆಳ ಒಂದಡಿಯೂ ಇಲ್ಲ. ಮಳೆಯಿಲ್ಲದ್ದರಿಂದ ಎರಡು ಸಾವಿರ ವರ್ಷದಷ್ಟು ಹಳೆಯ ಮಂಗ, ಜೇಡ, ಹಮ್ಮಿಂಗ್ ಬರ್ಡ್ ಇನ್ನೂ ಉಳಿದಿವೆ. ಜರ್ಮನಿಯ ಮರಿಯಾ ರೈಶೆ ದಶಕಗಟ್ಟಲೆ ಇವನ್ನು ಅಳೆದು, ಕಾಪಾಡಲು ಹೋರಾಡಿದರು. ಅಷ್ಟರಲ್ಲಾಗಲೇ ಹೆದ್ದಾರಿಯು ಹಲ್ಲಿಯ ಚಿತ್ರವೊಂದನ್ನು ಕತ್ತರಿಸಿಕೊಂಡು ಹೋಗಿತ್ತು. ಪುಟ್ಟ ವಿಮಾನದ ಹಾರಾಟ ಅರ್ಧ ಗಂಟೆಯದು. ಎರಡೂ ಬದಿಯವರಿಗೆ ಕಾಣಲೆಂದು ಪೈಲಟ್ ಒಂದೊಂದು ಚಿತ್ರಕ್ಕೂ ವಿಮಾನವನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ವಾಲಿಸುತ್ತಾನೆ. ಹೊಟ್ಟೆ ತುಂಬ ತಿಂದು ಹತ್ತಬೇಡಿ. ಭಯವಿದ್ದವರು ಹೆದ್ದಾರಿ ಬದಿಯ ವೀಕ್ಷಣಾ ಗೋಪುರ ಏರಬಹುದು. ಅಲ್ಲಿಂದ ಮರ ಮತ್ತು ಕೈಗಳ ಚಿತ್ರ ಕಾಣುತ್ತವೆ.

ಅರೆಕಿಪಾದಲ್ಲಿ ದೇಹಕ್ಕೆ ಅಭ್ಯಾಸ

ರಾತ್ರಿ ಬಸ್ಸಿನಲ್ಲಿ ಅರೆಕಿಪಾ. ಎತ್ತರ 2,335 ಮೀಟರ್, ಊಟಿಗಿಂತ ತುಸು ಹೆಚ್ಚು. ಮೂರು ರಾತ್ರಿ ಇಲ್ಲಿದ್ದರೆ ಮುಂದಿನ ಎತ್ತರಕ್ಕೆ ದೇಹ ಹದವಾಗುತ್ತದೆ. ಜ್ವಾಲಾಮುಖಿಯ ಬಿಳಿಕಲ್ಲು ಸಿಯಾರ್‌ನಲ್ಲಿ ಕಟ್ಟಿದ ಊರು, ಬೆನ್ನಿಗೆ ಮಿಸ್ತಿ ಪರ್ವತ. 1579ರಲ್ಲಿ ಸ್ಥಾಪನೆಯಾದ ಸಾಂತಾ ಕತಲಿನಾ ಸನ್ಯಾಸಿನಿಯರ ಮಠ ಊರೊಳಗೊಂದು ಊರು: ಕೆಂಪು, ನೀಲಿ ಗೋಡೆಗಳು, ಸ್ಪೇನಿನ ಊರುಗಳ ಹೆಸರಿನ ಓಣಿಗಳು. ಸಿರಿವಂತರ ಹೆಣ್ಣುಮಕ್ಕಳು ಸೇವಕಿಯರ ಸಮೇತ ಸನ್ಯಾಸಕ್ಕೆ ಬರುತ್ತಿದ್ದರು. ಅವರ ಕೋಣೆಗಳ ಪಕ್ಕ ಅಡುಗೆಮನೆ ನೋಡಿದರೆ ಸನ್ಯಾಸ ಎಂಥದ್ದೆಂದು ತಿಳಿಯುತ್ತದೆ. ಕೊಲ್ಕಾ ಕಣಿವೆಯ ಆಸೆ ಹತ್ತಿಸುವವರು ಬಹಳ ಜನ ಸಿಗುತ್ತಾರೆ. ದಾರಿ 4,900 ಮೀಟರ್ ದಾಟುತ್ತದೆ, ಆದ್ದರಿಂದ ಬಂದ ಮರುದಿನವೇ ಬೇಡ.

ಸಸ್ಯಾಹಾರಿಗಳು ‘ಮಾಂಸ ಬೇಡ’ ಎಂದರೆ ಸಾಲದು. ಕೋಳಿ ಬೇಡ, ಮೀನು ಬೇಡ ಎಂದೂ ಸ್ಪ್ಯಾನಿಷ್‌ನಲ್ಲಿ ಚೀಟಿ ಬರೆಸಿಟ್ಟುಕೊಳ್ಳಿ. ಸೂಪಿನ ತಿಳಿ ಮಾಂಸದ್ದೇ ಇರಬಹುದು. ಆಲೂಗಡ್ಡೆಯ ತವರೇ ಆಂಡಿಸ್, ಅದಕ್ಕಂತೂ ಬರವಿಲ್ಲ. ಜೊತೆಗೊಂದು ಚಟ್ನಿಪುಡಿ ಡಬ್ಬಿ ಇದ್ದರೆ ಗೆದ್ದಿರಿ.

ಕಣಿವೆ, ಮಾಚು ಪಿಚು, ಕುಸ್ಕೊ

ಕುಸ್ಕೊಗೆ ವಿಮಾನದಲ್ಲಿ ಹೋಗಿ, ಆದರೆ ಅಲ್ಲಿ ಉಳಿಯದೆ ಟ್ಯಾಕ್ಸಿ ಹಿಡಿದು ಕೆಳಗಿನ ಕಣಿವೆಯ ಊರು ಓಯಾಂತಾಯ್ತಾಂಬೊಗೆ ಇಳಿಯಿರಿ. ಅಲ್ಲಿ ಸುಮಾರು 2,800 ಮೀಟರ್. ಮಾಚು ಪಿಚು ಇನ್ನೂ ಕೆಳಗೆ, 2,430. ಓಯಾಂತಾಯ್ತಾಂಬೊದಿಂದ ರೈಲಿನಲ್ಲಿ ಮಾಚು ಪಿಚುವಿನ ತಪ್ಪಲಿನ ಊರು ಆಗ್ವಾಸ್ ಕಾಲಿಯೆಂತೆಸ್, ಅಲ್ಲಿಂದ ಬಸ್. ರೈಲಿಗೆ ಸಣ್ಣ ಚೀಲ ಮಾತ್ರ. ಸೂಟ್‌ಕೇಸ್ ಹೋಟೆಲಿನಲ್ಲೇ ಬಿಡಿ. ಮಾಚು ಪಿಚುವಿನಲ್ಲಿ ಶೌಚಾಲಯ ಇರುವುದು ಗೇಟಿನ ಹೊರಗೆ, ಒಳಗಿಲ್ಲ. 15ನೇ ಶತಮಾನದಲ್ಲಿ ಇಂಕಾ ದೊರೆ ಪಚಾಕುತಿ ಇದನ್ನು ಕಟ್ಟಿಸಿದ್ದು ಸರಿಸುಮಾರು ಹಂಪಿಯಲ್ಲಿ ಪ್ರೌಢದೇವರಾಯ ಆಳುತ್ತಿದ್ದ ಕಾಲಕ್ಕೆ. ಹಂಪಿ ನೋಡಿದವರ ಕಣ್ಣು ಇಲ್ಲಿ ಗುಡಿಗಳಿಗಿಂತ ಕಾಲುವೆ, ಮೆಟ್ಟಿಲುಗದ್ದೆಗಳ ಕಡೆಗೇ ಹೋಗುತ್ತದೆ.

ಕೊನೆಗೆ ಕುಸ್ಕೊ. ಇಷ್ಟು ಹೊತ್ತಿಗೆ ಮೆಟ್ಟಿಲು ಹತ್ತಿದರೆ ಏದುಸಿರು ಬಂದೀತು, ತಲೆ ಸಿಡಿಯದು. ಇಂಕಾಗಳ ಸೂರ್ಯ ದೇಗುಲ ಕೊರಿಕಾಂಚಾದ ಮೇಲೆ ಸ್ಪೇನಿನವರು ಸಾಂತೊ ದೊಮಿಂಗೊ ಚರ್ಚು ಕಟ್ಟಿದರು. 1950ರ ಭೂಕಂಪದಲ್ಲಿ ಚರ್ಚಿಗೆ ಭಾರಿ ಪೆಟ್ಟಾಯಿತು, ಒಳಗೆ ಮುಚ್ಚಿಹೋಗಿದ್ದ ಇಂಕಾ ಗೋಡೆಗಳು ಅಲುಗದೆ ಹೊರಬಂದವು. ಹತ್ತಿರ ಹೋಗಿ ಸಂದುಗಳನ್ನು ನೋಡಿ: ಗಾರೆಯಿಲ್ಲ, ಕಲ್ಲಿಗೆ ಕಲ್ಲು ಕೂರಿಸಿದ್ದಾರೆ, ಗೋಡೆ ಒಳಕ್ಕೆ ತುಸು ವಾಲಿದೆ.

ಹೋಟೆಲಿನಲ್ಲಿ, ಸಂತೆಯಲ್ಲಿ ಎಲ್ಲೆಲ್ಲೂ ಕೋಕಾ ಎಲೆಯ ಚಹಾ ಕೊಡುತ್ತಾರೆ. ಅಲ್ಲಿ ಅದು ಕಾನೂನುಬದ್ಧ, ಕುಡಿಯಬಹುದು. ಆದರೆ ಪೊಟ್ಟಣವನ್ನು ಊರಿಗೆ ತರಬೇಡಿ. ಭಾರತದ ಮಾದಕವಸ್ತು ತಡೆ (ಎನ್‌ಡಿಪಿಎಸ್) ಕಾಯ್ದೆಯಲ್ಲಿ ಕೋಕಾ ಎಲೆಗೆ ನಿಷೇಧವಿದೆ, ಅಮೆರಿಕದಲ್ಲಿ ವಿಮಾನ ಬದಲಿಸುವವರಿಗೆ ಅಲ್ಲೂ ತೊಂದರೆ.