ಒಂದೇ ಕುದುರೆ ಸಾಕ್ತೀನಿ ಅನ್ನುವವರು ಎರಡಕ್ಕೆ ಜಾಗ ಮಾಡಿಟ್ಟುಕೊಳ್ಳಿ

ಕುದುರೆ ತರಬೇಕು ಅಂತ ಯಾರಾದರೂ ನಮ್ಮ ಮನೆಗೆ ವಿಚಾರಿಸಿಕೊಂಡು ಬಂದರೆ ನಾನು ಮೊದಲು ಕೇಳುವುದು ಒಂದೇ: ಎರಡನೆಯದನ್ನು ಎಲ್ಲಿ ಕಟ್ತೀರಿ? "ಎರಡನೆಯದಾ? ಇಲ್ಲ ಮಾರಾಯ್ರೆ, ನಮಗೆ ಒಂದೇ ಸಾಕು" ಅನ್ನುತ್ತಾರೆ. ನಾನೂ ಹಾಗೇ ಅಂದಿದ್ದೆ. ಈಗ ತೀರ್ಥಹಳ್ಳಿ ಹತ್ತಿರದ ನಮ್ಮ ಮನೆ ಹಿಂದಿನ ಬ್ಯಾಣದಲ್ಲಿ, ಅಂದರೆ ಹುಲ್ಲುಗಾವಲಿನಲ್ಲಿ, ಮೂರು ಮೇಯುತ್ತಿವೆ. ಶೋಕಿಗೆ ತಂದದ್ದಲ್ಲ. ಒಂದು ಕುದುರೆ ಎರಡಾಗುವುದಕ್ಕೆ ಕಾರಣಗಳಿವೆ. ಅವು ಮೊದಲೇ ಗೊತ್ತಿದ್ದರೆ ನಿಮಗೂ ಒಳ್ಳೆಯದು, ಕುದುರೆಗೂ ಒಳ್ಳೆಯದು.

ನಾನು ಮೊದಲು ತಂದದ್ದು ಗೌರಿಯನ್ನು. ಎಂಟು ವರ್ಷದ ಕಂದು ಹೆಣ್ಣು, ಸೌಮ್ಯ ಸ್ವಭಾವ. ಬಂದು ಒಂದು ತಿಂಗಳಾಗುವಷ್ಟರಲ್ಲಿ ಎರಡೂ ಮುಂಗಾಲಿನ ಕೆಳಗಿನ ಗೆಣ್ಣಿನ ಮುಂಭಾಗದಲ್ಲಿ ಚರ್ಮ ಕಿತ್ತು ಹಸಿ ಗಾಯ ಕಾಣಿಸಿತು. ಕೊಟ್ಟಿಗೆಯ ಕಲ್ಲು ತಾಗಿರಬೇಕು ಅಂತ ಚಪ್ಪಡಿ ಮೇಲೆ ಮರದ ಹೊಟ್ಟು ಹಾಸಿದೆ, ಗಾಯಕ್ಕೆ ಔಷಧಿ ಹಚ್ಚಿದೆ. ಆರುತ್ತಿತ್ತು, ಮತ್ತೆ ಕಿತ್ತುಕೊಳ್ಳುತ್ತಿತ್ತು. ಪಶುವೈದ್ಯರು ಬಂದವರು ಗಾಯ ನೋಡಿ ಕೇಳಿದ್ದು, "ಇದು ರಾತ್ರಿ ಮಲಗುತ್ತಾ?" ಅಂತ. ಕುದುರೆ ನಿಂತೇ ನಿದ್ದೆ ಮಾಡುತ್ತಲ್ವಾ ಸಾರ್ ಅಂದೆ.

ಅದು ಅರ್ಧ ಸತ್ಯ ಅಂತ ಆವತ್ತು ಗೊತ್ತಾಯಿತು. ಕುದುರೆಯ ಕಾಲಿನ ನರ, ಕೀಲುಗಳ ಕಟ್ಟು ಹೇಗಿದೆ ಅಂದರೆ ಅದು ಬೀಳದೆ ನಿಂತೇ ತೂಕಡಿಸಬಹುದು. ಆದರೆ ಗಾಢ ನಿದ್ದೆಗೆ ಅದು ನೆಲಕ್ಕೆ ಮಲಗಲೇಬೇಕು. ದಿನಕ್ಕೆ ಅರ್ಧ ಗಂಟೆಯಷ್ಟು ಸಿಕ್ಕರೂ ನಡೆಯುತ್ತೆ, ಆದರೆ ಅಷ್ಟು ಬೇಕೇ ಬೇಕು. ಅದು ಹಿಂಡಿನ ಪ್ರಾಣಿ. ಒಂದು ಮಲಗಿದರೆ ಇನ್ನೊಂದು ನಿಂತು ಕಾಯುತ್ತೆ. ಕಾಯುವವರು ಇಲ್ಲ ಅನ್ನಿಸಿದರೆ ಮಲಗಲು ಧೈರ್ಯ ಬರೋದಿಲ್ಲ. ಹೀಗೆ ದಿನಗಟ್ಟಲೆ ನಿದ್ದೆಗೆಟ್ಟು, ಕೊನೆಗೆ ನಿಂತಲ್ಲೇ ನಿದ್ದೆ ಜೋರಾಗಿ ಎಳೆದಾಗ ಮುಂಗಾಲು ಮಡಚಿ ಕುಸಿಯುತ್ತೆ, ಗೆಣ್ಣು ನೆಲಕ್ಕೆ ಬಡಿಯುತ್ತೆ, ಬೆಚ್ಚಿ ಏಳುತ್ತೆ. ಗೌರಿಯ ಗಾಯ ಅದು.

ವೈದ್ಯರ ಮಾತಿನಂತೆ ನಮ್ಮ ಮಲೆನಾಡು ಗಿಡ್ಡ ಹಸುವನ್ನು ಅವಳ ಪಕ್ಕದ ಅಂಕಣಕ್ಕೆ ತಂದು ಕಟ್ಟಿದೆವು, ಮಧ್ಯೆ ಬಿದಿರಿನ ಗಳ ಅಡ್ಡ ಹಾಕಿ. ಹತ್ತು ದಿನ ಆಗಿರಬೇಕು. ಒಂದು ಬೆಳಿಗ್ಗೆ ಹುಲ್ಲು ಹಾಕಲು ಹೋದಾಗ ಗೌರಿಯ ಎಡ ಪಕ್ಕೆಗೆ, ಕೆನ್ನೆಗೆ ಹೊಟ್ಟು ಅಂಟಿಕೊಂಡಿತ್ತು. ಮಲಗಿ ಎದ್ದಿದ್ದಳು. ನಾನು ಹಾಲು ಕರೆಯುತ್ತಿದ್ದ ಅಮ್ಮನನ್ನು ಕೂಗಿ ಕರೆದು ತೋರಿಸಿದೆ.

ಹಾಗಾಗಿ ನಿಮ್ಮ ಹತ್ತಿರ ಈಗಾಗಲೇ ಒಂಟಿ ಕುದುರೆ ಇದ್ದರೆ ಇವತ್ತೇ ಹೋಗಿ ಗೆಣ್ಣು ನೋಡಿ. ಬೆಳಿಗ್ಗೆ ಮೈಮೇಲೆ ಹಾಸಿನ ಕಡ್ಡಿ, ಹೊಟ್ಟು ಇದೆಯಾ ನೋಡಿ. ನಿಂತಲ್ಲೇ ಎಡಕ್ಕೂ ಬಲಕ್ಕೂ ತೂಗುವುದು, ಮರದ ಗಳಕ್ಕೆ ಹಲ್ಲು ಕಚ್ಚಿ ಗಾಳಿ ಎಳೆಯುವುದು, ಬೇಲಿ ಪಕ್ಕ ಒಂದೇ ದಾರಿಯಲ್ಲಿ ಹೋಗಿ ಬಂದು ಕಾಲುದಾರಿ ಬೀಳಿಸುವುದು, ಇವು ಚೇಷ್ಟೆ ಅಲ್ಲ. ಇಂಥವು ಒಂಟಿತನಕ್ಕೂ, ಸದಾ ಕಟ್ಟಿಹಾಕುವುದಕ್ಕೂ, ಹುಲ್ಲು ಸಾಲದೆ ಹೋದದ್ದಕ್ಕೂ ಬರುತ್ತವೆ. ಎರಡನೇ ಕುದುರೆ ತರುವ ಮೊದಲು ಹಸು, ಮೇಕೆ ಯಾವುದಾದರೂ ಜೊತೆಗಿಟ್ಟು ನೋಡಿ. ನಮ್ಮ ಕಡೆ ಕೊಟ್ಟಿಗೆ ಇಲ್ಲದ ಮನೆ ಕಡಿಮೆ, ಖರ್ಚಿಲ್ಲದ ದಾರಿ ಇದು. ಒಂದೇ ಎಚ್ಚರಿಕೆ: ದನಕ್ಕೆ, ಕೋಳಿಗೆ ಅಂತ ಕೊಳ್ಳುವ ಸಿದ್ಧ ಮೇವು ಕುದುರೆಯ ಬಾಯಿಗೆ ಸಿಗಬಾರದು. ಅಂಥ ಮೇವಿಗೆ ಕೆಲವೊಮ್ಮೆ ಸೇರಿಸುವ ಮೊನೆನ್ಸಿನ್ ಅನ್ನುವ ಔಷಧ ಸ್ವಲ್ಪ ಹೋದರೂ ಕುದುರೆ ಸಾಯಬಹುದು. ದನಕ್ಕೆ ಕೊಡುವ ಅಕ್ಕಚ್ಚೂ (ಕಲಗಚ್ಚು) ಬೇಡ. ಕುದುರೆಗೆ ವಾಂತಿ ಮಾಡಲು ಆಗೋದಿಲ್ಲ, ಹೊಟ್ಟೆಗೆ ಹೋದದ್ದು ಕೆಟ್ಟರೆ ಶೂಲೆಯೇ.

ಆದರೆ ಹಸು ಕೊಡಲಾಗದ್ದು ಕೆಲವಿದೆ. ಜೂನ್ ತಿಂಗಳಲ್ಲಿ ನೊಣ ಮುತ್ತುವಾಗ ಎರಡು ಕುದುರೆಗಳು ಒಂದರ ತಲೆ ಕಡೆಗೆ ಇನ್ನೊಂದು ಬಾಲ ಬರುವ ಹಾಗೆ ಅಕ್ಕಪಕ್ಕ ನಿಲ್ಲುತ್ತವೆ. ಅದರ ಬಾಲ ಇದರ ಮುಖದ ನೊಣ ಓಡಿಸುತ್ತೆ, ಇದರದ್ದು ಅದಕ್ಕೆ. ಕತ್ತಿನ ಬುಡದಲ್ಲಿ, ಜೀನು ಕೂರುವ ಜಾಗದ ಮುಂದೆ ಒಂದಕ್ಕೊಂದು ಹಲ್ಲಿನಿಂದ ಕೆರೆದುಕೊಳ್ಳುತ್ತವೆ. ಕಣ್ಣು ಅರ್ಧ ಮುಚ್ಚಿರುತ್ತೆ, ಕೆಳತುಟಿ ಜೋತುಬಿದ್ದಿರುತ್ತೆ. ಇದನ್ನು ಒಮ್ಮೆ ಹತ್ತಿರದಿಂದ ನೋಡಿದ ಮೇಲೆ ನನಗೆ ಗೌರಿಯನ್ನು ಒಂಟಿಯಾಗಿ ಇಡಲು ಮನಸ್ಸೇ ಬರಲಿಲ್ಲ.

ಇನ್ನುಳಿದ ಕಾರಣಗಳನ್ನು ಬೇಗ ಹೇಳಿಬಿಡ್ತೀನಿ. ಕುದುರೆ 25, 30 ವರ್ಷ ಬದುಕುತ್ತೆ, ಆದರೆ ಅಷ್ಟೂ ವರ್ಷ ಸವಾರಿ ಕೊಡೋದಿಲ್ಲ. ವಯಸ್ಸಾದದ್ದನ್ನು ಮಾರಿದರೆ ಅದು ಎಲ್ಲಿಗೆ ಹೋಗುತ್ತೆ ಅಂತ ನಮಗೆಲ್ಲ ಗೊತ್ತು, ಅದಕ್ಕೆ ಮನಸ್ಸಿದ್ದವರು ಅದನ್ನು ಇಟ್ಟುಕೊಂಡೇ ಇನ್ನೊಂದು ತರುತ್ತಾರೆ. ಕಾಲಿನ ನರ ಎಳೆದುಕೊಂಡರೆ ತಿಂಗಳುಗಟ್ಟಲೆ ವಿಶ್ರಾಂತಿ, ಆಗಲೂ ಇನ್ನೊಂದು ಬೇಕು ಅನ್ನಿಸುತ್ತೆ. ಇದು ಸವಾರನ ಆಸೆ, ಕುದುರೆಯ ಅಗತ್ಯ ಅಲ್ಲ, ಹಾಗಾಗಿ ಕಾಯಬಹುದು. ಮಕ್ಕಳಿಗೆ ಅಂತ ತಂದ ತಟ್ಟು (ಗಿಡ್ಡ ಕುದುರೆ) ನಾಲ್ಕು ವರ್ಷದಲ್ಲಿ ಚಿಕ್ಕದಾಗುತ್ತೆ. ಮದುವೆ ಮೆರವಣಿಗೆಯಿಂದಲೋ ರೇಸಿನಿಂದಲೋ ನಿವೃತ್ತಿಯಾದದ್ದನ್ನು "ಸುಮ್ನೆ ಕೊಡ್ತೀವಿ, ಸಾಕಿಕೊಳ್ಳಿ" ಅಂತ ಕೊಡುವವರೂ ಇದ್ದಾರೆ. ಸುಮ್ನೆ ಬಂದದ್ದೂ ಹುಲ್ಲು ಅಷ್ಟೇ ತಿನ್ನುತ್ತೆ, ನೆನಪಿರಲಿ.

ಹೆಣ್ಣು ಕುದುರೆ ಕೊಳ್ಳುವವರಿಗೆ ಒಂದು ಮಾತು. ಗಬ್ಬದ ಪರೀಕ್ಷೆ ಮಾಡಿಸದೆ ತರಬೇಡಿ. ಹನ್ನೊಂದು ತಿಂಗಳ ಗರ್ಭ. ಮೊದಲರ್ಧದಲ್ಲಿ ಹೊಟ್ಟೆ ನೋಡಿದರೆ ಏನೂ ತಿಳಿಯೋದಿಲ್ಲ. ಸ್ಕ್ಯಾನಿಂಗ್‌ನಲ್ಲಿ ಎರಡು ವಾರ ದಾಟಿದರೆ ಗೊತ್ತಾಗುತ್ತೆ. ಗಂಡು ಮರಿ ಹುಟ್ಟಿದರೆ ಅದು ಒಂದು ವರ್ಷ ದಾಟುತ್ತಿದ್ದಂತೆ ತಾಯಿಗೇ ಗಬ್ಬ ಕಟ್ಟಿಸುವಷ್ಟು ಬೆಳೆದುಬಿಡಬಹುದು. ಹೊತ್ತಿಗೆ ಸರಿಯಾಗಿ ಬೀಜ ತೆಗೆಸಿ. ತೆಗೆಸಿದ ಮೇಲೂ ಒಂದೂವರೆ ತಿಂಗಳು ಹೆಣ್ಣಿನಿಂದ ದೂರ ಇಡಿ.

ಈಗ ಲೆಕ್ಕ. ಎರಡನೆಯದನ್ನು ತರುವುದು ಮನಸ್ಸಿನ ಮಾತಾದರೂ ಸಾಕುವುದು ಹುಲ್ಲಿನ ಮಾತು. ಟೇಪು ತಗೊಳ್ಳಿ. ಮುಂಗಾಲಿನ ಹಿಂದೆ ಎದೆಯ ಸುತ್ತಳತೆ, ಭುಜದ ಮುಂತುದಿಯ ಮೂಳೆಯಿಂದ ಪೃಷ್ಠದ ತುದಿಯವರೆಗೆ ಉದ್ದ, ಎರಡನ್ನೂ ಸೆಂಟಿಮೀಟರಿನಲ್ಲಿ ಅಳೆಯಿರಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸಿದರೆ ಹೆಚ್ಚುಕಡಿಮೆ ತೂಕ ಕಿಲೋದಲ್ಲಿ ಬರುತ್ತೆ. ಗೌರಿ ಸುತ್ತಳತೆ 160, ಉದ್ದ 150. ಅಂದರೆ ಸುಮಾರು 323 ಕಿಲೋ. ತೂಕದ ನೂರಕ್ಕೆ ಎರಡು ಭಾಗ ಒಣ ಮೇವು ಅಂತ ಹಿಡಿದರೆ ದಿನಕ್ಕೆ ಆರೂವರೆ ಕಿಲೋ. ಮಳೆಗಾಲದ 120 ದಿನಕ್ಕೆ ಒಂದಕ್ಕೆ 780 ಕಿಲೋ, ಎರಡಕ್ಕೆ ಒಂದೂವರೆ ಟನ್ ಮೇಲೆ. ಹೊರಗೆ ಹಸಿರು ಹುಲ್ಲು ಸೊಂಪಾಗಿರುತ್ತೆ ನಿಜ, ಆದರೆ ಅದರಲ್ಲಿ ಮುಕ್ಕಾಲು ಪಾಲು ನೀರು, ಜೊತೆಗೆ ಜಡಿಮಳೆಯಲ್ಲಿ ಕುದುರೆ ಎಷ್ಟು ಹೊತ್ತು ಹೊರಗಿದ್ದೀತು? ಹಾಗಾಗಿ ಒಣಹುಲ್ಲು ಮನೆಯಲ್ಲಿರಲೇಬೇಕು.

ಆ ಹುಲ್ಲು ಒಣಗಿಯೇ ಇರಬೇಕು ಅನ್ನೋದೇ ಮಲೆನಾಡಿನ ಕಷ್ಟ. ಆಗುಂಬೆ ಕಡೆ ವರ್ಷಕ್ಕೆ ಸರಾಸರಿ 7000 ಮಿಲಿಮೀಟರ್ ಮೇಲೆ ಮಳೆ. ನಮ್ಮಲ್ಲಿ ಅಷ್ಟಿಲ್ಲದಿದ್ದರೂ ಗೊಣಬೆಯ (ಹುಲ್ಲಿನ ಬಣವೆಯ) ತಳ ಆಗಸ್ಟ್ ಹೊತ್ತಿಗೆ ಬೂಸಲು ಹಿಡಿದಿರುತ್ತೆ. ದನ ತಿಂದು ಅರಗಿಸಿಕೊಂಡೀತು, ಕುದುರೆಗೆ ಕೆಮ್ಮು ಹತ್ತುತ್ತೆ, ಒಮ್ಮೆ ಉಸಿರಾಟ ಕೆಟ್ಟರೆ ಸರಿಮಾಡುವುದು ಕಷ್ಟ. ನಾನು ಬ್ಯಾಣದ ಕರಡ ಹುಲ್ಲನ್ನು ಬೇಸಿಗೆಯಲ್ಲೇ ಕೊಯ್ಯಿಸಿ ಅಟ್ಟಕ್ಕೆ ಏರಿಸುತ್ತೇನೆ, ಭತ್ತದ ಹುಲ್ಲು ಅದರ ಜೊತೆಗೆ ಅಷ್ಟೇ. ನೇಪಿಯರ್ ಹುಲ್ಲು ಬೆಳೆಸಿದ್ದೇವೆ ಅಂತ ಬರೀ ಅದನ್ನೇ ಹಾಕಬೇಡಿ, ಅದರಲ್ಲಿರುವ ಆಕ್ಸಲೇಟ್ ಸುಣ್ಣದ ಅಂಶವನ್ನು ಹಿಡಿದಿಟ್ಟುಕೊಂಡು ಮೈಗೆ ಹತ್ತಲು ಬಿಡೋದಿಲ್ಲ. ತೌಡು, ಬೂಸಾ ಅತಿಯಾದರೂ ಸುಣ್ಣದ ಲೆಕ್ಕ ತಪ್ಪಿ ಮುಖದ ಮೂಳೆ ಊದುತ್ತೆ. ಹುರುಳಿ ನೆನೆಸಿ ಸ್ವಲ್ಪ ಕೊಡಿ. ಕೆಲಸ ಜಾಸ್ತಿ ಇದ್ದಾಗ ಜಾಸ್ತಿ, ಮಳೆಗಾಲದಲ್ಲಿ ಕಟ್ಟಿದ್ದಾಗ ತೀರಾ ಕಡಿಮೆ. ಬೇಲಿಯಲ್ಲಿ ಕಣಗಿಲೆ ಇದ್ದರೆ ಬುಡಸಮೇತ ಕಿತ್ತು ದೂರ ಹಾಕಿ, ಅದರ ಎಲೆ ಕುದುರೆಗೆ ವಿಷ.

ಈ ಮಳೆ ಕುದುರೆಯ ಊರಿನದ್ದಲ್ಲ. ವಿಜಯನಗರದ ಕಾಲದಲ್ಲಿ ಅರಬ್ ಕುದುರೆಗಳು ಭಟ್ಕಳದ ಬಂದರಿನಲ್ಲಿ ಇಳಿದು ಘಟ್ಟ ಹತ್ತುತ್ತಿದ್ದವು. ಈಗ ಮಾರ್ವಾಡಿ, ಕಾಠಿಯಾವಾಡಿ ತಳಿಗಳು ಉತ್ತರದ ಒಣ ಸೀಮೆಯಿಂದ ಬರುತ್ತವೆ. ಕೆಸರಲ್ಲಿ ನಿಂತು ಗೊರಸಿನ ಅಡಿಯ ಮೆತ್ತಗಿನ ಭಾಗ ಕಪ್ಪಾಗಿ ಕೊಳೆತು ನಾರುತ್ತೆ. ದಿನಾ ಸಂಜೆ ನಾಲ್ಕೂ ಗೊರಸು ಎತ್ತಿ ಕೆರೆದು ತೊಳೆದು ಒರೆಸಬೇಕು, ಎರಡಿದ್ದರೆ ಎಂಟು. ಗೊರಸು ಕತ್ತರಿಸಿ ಲಾಳ ಕಟ್ಟುವವರು ಆರೇಳು ವಾರಕ್ಕೊಮ್ಮೆ ಬೇಕು, ಘಟ್ಟದ ಹಳ್ಳಿಗೆ ಅವರು ದೂರದಿಂದ ಬರಬೇಕು. ಇಲ್ಲಿ ಮಾತ್ರ ಎರಡಿದ್ದವರಿಗೆ ಅನುಕೂಲ, ಒಂದೇ ಬಾಡಿಗೆಯಲ್ಲಿ ಎರಡೂ ಮುಗಿಯುತ್ತೆ. ಲದ್ದಿ ಕಳಿತರೆ ಅಡಿಕೆ ತೋಟಕ್ಕೆ ಒಳ್ಳೆಯ ಗೊಬ್ಬರ, ಅದಕ್ಕೆ ನಮ್ಮಲ್ಲಿ ಗಿರಾಕಿ ಇದ್ದೇ ಇದ್ದಾರೆ.

ಎರಡನೆಯದು ಬರುವ ದಿನ

ನಮ್ಮ ಎರಡನೆಯವನು ರಾಜ. ಹದಿನಾರು ವರ್ಷದ, ಬೀಜ ತೆಗೆದ ಬಿಳಿ ಗಂಡು. ಶಿವಮೊಗ್ಗದಲ್ಲಿ ಮದುವೆ ಮೆರವಣಿಗೆಗೆ ಹೋಗುತ್ತಿದ್ದವನು. ಮಾರಿದವರು ವಯಸ್ಸು ಹತ್ತು ಅಂದಿದ್ದರು. ಹಲ್ಲು ನೋಡಿದ ವೈದ್ಯರು ಹದಿನಾರಕ್ಕೆ ಕಡಿಮೆ ಇಲ್ಲ ಅಂದರು. ಅದಕ್ಕೇ ಹೇಳೋದು, ಹಲ್ಲು ತೋರಿಸದೆ ದುಡ್ಡು ಕೊಡಬೇಡಿ.

ತರುವ ಮೊದಲು ಗ್ಲ್ಯಾಂಡರ್ಸ್ ರಕ್ತಪರೀಕ್ಷೆ ಮಾಡಿಸಿ. ಅದು ಮನುಷ್ಯರಿಗೂ ಅಂಟುವ ಕಾಯಿಲೆ, ಖಚಿತವಾದರೆ ಕುದುರೆ ಉಳಿಯೋದಿಲ್ಲ. ಹರಿಯಾಣದ ಹಿಸಾರ್‌ನಲ್ಲಿರುವ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರದಲ್ಲಿ ಇದರ ಪರೀಕ್ಷೆ ಆಗುತ್ತೆ, ಮಾದರಿ ಕಳಿಸುವ ದಾರಿಯನ್ನು ಸರ್ಕಾರಿ ಪಶುವೈದ್ಯರನ್ನೇ ಕೇಳಿ. ಧನುರ್ವಾಯು ಲಸಿಕೆಯೂ ಆಗಿರಲಿ. ಮನೆಗೆ ಬಂದ ಮೇಲೆ ಮೂರು ವಾರ ಬೇರೆ ಕಡೆ ಕಟ್ಟಿ. ಬಕೆಟ್ಟು, ಬ್ರಷ್ಷು, ಹಗ್ಗ ಎಲ್ಲ ಬೇರೆ. ಮೂಗಿನಲ್ಲಿ ಕೀವು, ದವಡೆ ಕೆಳಗೆ ಗಂಟು, ಬಿಟ್ಟುಬಿಟ್ಟು ಜ್ವರ ಇದೆಯಾ ದಿನಾ ನೋಡಿ.

ಆಮೇಲೆ ಬೇಲಿಯ ಆಚೆ ಈಚೆ ಬಿಡಿ. ಮೂಗು ತಾಗಿಸುತ್ತವೆ, ಕಿರುಚುತ್ತವೆ, ಮುಂಗಾಲು ಬಡಿಯುತ್ತವೆ. ಗಾಬರಿ ಬೇಡ. ಬೇಲಿ ಪಕ್ಕ ಎರಡೂ ಸಮಾಧಾನವಾಗಿ ಮೇಯಲು ಶುರು ಮಾಡಿದ ಮೇಲೆ ವಿಶಾಲವಾದ ಜಾಗದಲ್ಲಿ ಒಟ್ಟಿಗೆ ಬಿಡಿ, ಹಿಂಗಾಲಿನ ಲಾಳ ತೆಗೆಸಿ. ಕೊಟ್ಟಿಗೆಯೊಳಗೆ ಮೊದಲ ಭೇಟಿ ಮಾಡಿಸಲೇಬೇಡಿ, ಮೂಲೆಗೆ ಸಿಕ್ಕಿದ್ದು ಒದೆತ ತಿನ್ನುತ್ತೆ. ಹುಲ್ಲನ್ನು ಮೂರು ಕಡೆ ರಾಶಿ ಹಾಕಿ, ದೂರ ದೂರ. ಒಂದು ಇನ್ನೊಂದನ್ನು ಓಡಿಸಿದರೂ ಅದಕ್ಕೆ ಹೋಗಿ ತಿನ್ನಲು ಮೂರನೇ ರಾಶಿ ಇರುತ್ತೆ. ಹುರುಳಿ ಮಾತ್ರ ಯಾವಾಗಲೂ ಬೇರೆ ಬೇರೆ ಕಟ್ಟಿಯೇ.

ಎರಡು ಆದ ಮೇಲೆ ಬರುವ ತೊಂದರೆ ಯಾರೂ ಮೊದಲೇ ಹೇಳೋದಿಲ್ಲ. ಒಂದನ್ನು ಸವಾರಿಗೆ ಕರೆದುಕೊಂಡು ಹೋದರೆ ಇನ್ನೊಂದು ಮತ್ತೆ ಒಂಟಿ. ಮೊದಲ ಸಲ ಗೌರಿಯನ್ನು ತುಂಗೆ ಕಡೆ ಕರೆದುಕೊಂಡು ಹೋದಾಗ ರಾಜ ಬೇಲಿ ಉದ್ದಕ್ಕೂ ಓಡಿ ಓಡಿ, ಮೈಯೆಲ್ಲ ನೊರೆ ಬರುವಷ್ಟು ಬೆವತು, ಕೊನೆಗೆ ದಣಪೆಯ, ಅಂದರೆ ಬೇಲಿ ಬಾಗಿಲಿನ, ಗಳ ಮುರಿದು ರಸ್ತೆಗೆ ಬಂದಿದ್ದ. ಪಕ್ಕದ ಮನೆ ಗೌಡ್ರು ಹಿಡಿದು ಕಟ್ಟಿರದಿದ್ದರೆ ಬಸ್ಸಿಗೆ ಸಿಗುತ್ತಿದ್ದ. ಇದಕ್ಕೆ ಅಭ್ಯಾಸ ಒಂದೇ ದಾರಿ. ಮೊದಲ ದಿನ ಒಂದನ್ನು ಹತ್ತು ಹೆಜ್ಜೆ ದೂರ ಒಯ್ದು, ಉಳಿದದ್ದು ತಲೆ ಎತ್ತಿ ಕೂಗುವ ಮೊದಲೇ ವಾಪಸು ತನ್ನಿ. ಉಳಿದದ್ದರ ಮುಂದೆ ಒಳ್ಳೆಯ ಹುಲ್ಲಿರಲಿ. ನಾಳೆ ಮನೆ ಮರೆಗೆ, ನಾಡಿದ್ದು ಐದು ನಿಮಿಷ. ಒಂದು ದಿನ ಇದು, ಒಂದು ದಿನ ಅದು. ನಮಗೆ ಎರಡು ತಿಂಗಳು ಹಿಡಿಯಿತು, ಆದರೂ ರಾಜ ಪೂರ್ತಿ ಸಮಾಧಾನ ಆಗಲಿಲ್ಲ, ಅವನಿಗಾಗಿಯೇ ಚಿಕ್ಕ ತಟ್ಟು ಒಂದನ್ನು ತಂದೆವು. ಎಲ್ಲರಿಗೂ ಮೂರು ಬೇಕಾಗಿಲ್ಲ. ಹಸುವಿನ ಜೊತೆ ನಿಲ್ಲುವ ಕುದುರೆಯಾದರೆ ಎರಡೇ ಸಾಕು.

ಈಗ ಗೌರಿ ದಣಪೆ ದಾಟಿದರೆ ರಾಜ ಒಂದೇ ಸಲ ಕೆನೆಯುತ್ತಾನೆ, ಆಮೇಲೆ ತಟ್ಟುವಿನ ಪಕ್ಕ ಹೋಗಿ ಹುಲ್ಲಿಗೆ ಬಾಯಿ ಹಾಕುತ್ತಾನೆ. ಅವನಿಗೆ ವಯಸ್ಸಾಯಿತು, ಹಲ್ಲು ಸವೆದಿವೆ, ಹುಲ್ಲನ್ನು ಕತ್ತರಿಸಿ ನೆನೆಸಿ ಕೊಡುತ್ತಿದ್ದೇವೆ. ಅವನು ಹೋದ ದಿನ ಉಳಿದ ಎರಡನ್ನೂ ಹತ್ತಿರ ಬಿಟ್ಟು ಮೂಸಿ ನೋಡಲು ಬಿಡಬೇಕು, ಅವಸರ ಮಾಡಬಾರದು. ಇಲ್ಲದಿದ್ದರೆ ದಿನಗಟ್ಟಲೆ ಹುಡುಕುತ್ತಾ ಕೂಗಬಹುದು. ಹೂಳುವ ಜಾಗವನ್ನು ಬಾವಿಯಿಂದ ದೂರ, ಬ್ಯಾಣದ ಆ ತುದಿಯಲ್ಲಿ ಈಗಲೇ ಗುರುತು ಮಾಡಿದ್ದೇನೆ. ಮಳೆಗಾಲದಲ್ಲಿ ಆ ದಾರಿಗೆ ಜೆಸಿಬಿ ಇಳಿಯೋದಿಲ್ಲ, ಅದಕ್ಕೆ ಈ ಬೇಸಿಗೆಯಲ್ಲೇ ಜಲ್ಲಿ ಹಾಕಿಸುತ್ತಿದ್ದೇನೆ.