ವರ್ಷಕ್ಕೆ ನಾಲ್ಕು ಸಲ ಕ್ರೆಡಿಟ್ ವರದಿ: ಪಡೆಯುವುದು ಹೇಗೆ, ಓದುವುದು ಹೇಗೆ?

ನಾಲ್ಕು ವರ್ಷದ ಹಿಂದೆಯೇ ತೀರಿಸಿದ್ದ ಬೈಕ್ ಸಾಲ ಕಳೆದ ವರ್ಷ ನನ್ನೆದುರು ಮತ್ತೆ ಬಂದು ನಿಂತಿತು. ಮನೆ ಸಾಲ ಕೇಳಲು ಬ್ಯಾಂಕಿಗೆ ಹೋದಾಗ ಅಧಿಕಾರಿ ಕಂಪ್ಯೂಟರ್ ಪರದೆಯನ್ನು ನನ್ನ ಕಡೆ ತಿರುಗಿಸಿದರು. ಅಲ್ಲಿದ್ದುದು ನನ್ನ ಕ್ರೆಡಿಟ್ ವರದಿ, ಅಂದರೆ ನಾನು ಪಡೆದ ಸಾಲಗಳ, ಅವನ್ನು ತೀರಿಸಿದ ಬಗೆಯ ದಾಖಲೆ. ಬಾಕಿ 472 ರೂಪಾಯಿ! ಬೇಬಾಕಿ ಪತ್ರ ಮನೆಯ ಬೀರುವಿನಲ್ಲಿ ಭದ್ರವಾಗಿತ್ತು. ಆದರೆ ಸಾಲ ಕೊಟ್ಟಿದ್ದ ಸಂಸ್ಥೆ ಖಾತೆ ಮುಚ್ಚಿದ್ದನ್ನು ಈ ವರದಿ ಸಿದ್ಧಪಡಿಸುವವರಿಗೆ ತಿಳಿಸಿಯೇ ಇರಲಿಲ್ಲ. ಮನೆ ಮಾರುವವರಿಗೆ ಮುಂಗಡ ಕೊಟ್ಟಾಗಿತ್ತು, ಕರಾರಿನ ಗಡುವು ಹತ್ತಿರ ಬರುತ್ತಿತ್ತು. ಆ ದಿನಗಳ ಸಂಕಟ ಇನ್ನೊಬ್ಬರಿಗೆ ಬೇಡ. ಸಾಲದ ಯೋಚನೆಯೇ ಇಲ್ಲದ ಕಾಲದಲ್ಲಿ, ಬಿಡುವಾಗಿ ಕುಳಿತು ವರದಿ ನೋಡಿ.

ಎಲ್ಲರ ಬಾಯಲ್ಲೂ ಇರುವುದು ‘ಸಿಬಿಲ್’. ಸಾಲ ಕೊಟ್ಟವರಿಂದ ಮಾಹಿತಿ ಪಡೆದು ಈ ವರದಿ ಸಿದ್ಧಪಡಿಸುವ ನಾಲ್ಕು ಸಂಸ್ಥೆಗಳಲ್ಲಿ ಅದು ಒಂದು ಮಾತ್ರ. ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈ ಮಾರ್ಕ್ ಉಳಿದ ಮೂರು. ರಿಸರ್ವ್ ಬ್ಯಾಂಕಿನ ಆದೇಶದಂತೆ 2017ರಿಂದ ಪ್ರತಿ ಸಂಸ್ಥೆಯೂ ವರ್ಷಕ್ಕೊಂದು ಪೂರ್ಣ ವರದಿಯನ್ನು ಉಚಿತವಾಗಿ ಕೊಡಲೇಬೇಕು. ಹಾಗಾಗಿ ಜನವರಿಯಲ್ಲಿ ಒಂದು, ಏಪ್ರಿಲ್‌ನಲ್ಲಿ ಇನ್ನೊಂದು, ಜುಲೈ, ಅಕ್ಟೋಬರ್‌ನಲ್ಲಿ ಮಿಕ್ಕೆರಡು ಎಂದು ಹಂಚಿಕೊಳ್ಳಿ. ಕಾಸು ಖರ್ಚಿಲ್ಲದೆ ಮೂರು ತಿಂಗಳಿಗೊಮ್ಮೆ ನಿಗಾ ಇಟ್ಟಂತಾಗುತ್ತದೆ.

ಸಂಸ್ಥೆಯ ಅಧಿಕೃತ ಜಾಲತಾಣಕ್ಕೆ ನೀವೇ ಹೋಗಿ. ಎಸ್‌ಎಂಎಸ್‌ನಲ್ಲಿ ಬಂದ ಕೊಂಡಿ ಒತ್ತಬೇಡಿ. ಪ್ಯಾನ್ ಸಂಖ್ಯೆ, ಜನ್ಮದಿನಾಂಕ, ಮೊಬೈಲ್‌ಗೆ ಬರುವ ಒಟಿಪಿ ಇದ್ದರೆ ಸಾಮಾನ್ಯವಾಗಿ ಸಾಕು. ಹಣ ಕಟ್ಟುವ ಯೋಜನೆಗಳು ಪುಟದಲ್ಲಿ ಎದ್ದು ಕಾಣುತ್ತವೆ; ಉಚಿತ ವಾರ್ಷಿಕ ವರದಿಯ ಜಾಗವನ್ನು ತಾಳ್ಮೆಯಿಂದ ಹುಡುಕಿ. ನಮ್ಮ ವರದಿಯನ್ನು ನಾವೇ ನೋಡಿದರೆ ಕ್ರೆಡಿಟ್ ಅಂಕ (ಸಾಲ ತೀರಿಸುವ ವಿಷಯದಲ್ಲಿ ನಮ್ಮನ್ನು ಎಷ್ಟು ನಂಬಬಹುದೆಂದು ಹೇಳುವ ಸಂಖ್ಯೆ) ಇಳಿಯುತ್ತದೆ ಎಂಬ ಭಯ ಹಲವರಿಗಿದೆ. ಇಳಿಯುವುದಿಲ್ಲ.

ವರದಿ ಕೈಗೆ ಬಂದೊಡನೆ ಕಣ್ಣು ಓಡುವುದು 300ರಿಂದ 900ರೊಳಗಿನ ಆ ಅಂಕದ ಕಡೆಗೆ. ಅದನ್ನು ಬದಿಗಿಟ್ಟು ಮೊದಲು ವಿಳಾಸ, ದೂರವಾಣಿ ಸಂಖ್ಯೆಗಳನ್ನು ನೋಡಿ. ಗುರುತೇ ಇಲ್ಲದ ಮೊಬೈಲ್ ಸಂಖ್ಯೆ ಅಲ್ಲಿದ್ದರೆ ಎಚ್ಚರ: ನಿಮ್ಮ ಪ್ಯಾನ್ ಬಳಸಿ ಬೇರೆ ಯಾರೋ ಸಾಲ ಎತ್ತಿರಬಹುದು.

ನಂತರ ಖಾತೆಗಳು. ಇಲ್ಲಿ ಅವಸರ ಬೇಡ. ಒಂದೊಂದು ಸಾಲವನ್ನೂ ಬೆರಳಿಟ್ಟು ಓದಿ: ಇದು ನನ್ನದೇ? ತೀರಿದ್ದರೆ ‘ಮುಚ್ಚಿದೆ’ ಎಂದಿದೆಯೇ? ಭಾವಮೈದುನನಿಗೋ ಸಹೋದ್ಯೋಗಿಗೋ ಜಾಮೀನು ಹಾಕಿದ್ದರೆ ಆ ಸಾಲವೂ ನಿಮ್ಮ ವರದಿಯಲ್ಲಿ ಇರುತ್ತದೆ. ಅವರು ಕಂತು ತಪ್ಪಿಸಿದರೆ ಪೆಟ್ಟು ನಿಮಗೂ ಬೀಳುತ್ತದೆ. ಪ್ರತಿ ಸಾಲದ ಕೆಳಗೆ ತಿಂಗಳಿಗೊಂದರಂತೆ ಪುಟ್ಟ ಚೌಕಗಳಿರುತ್ತವೆ. ‘000’ ಎಂದರೆ ಆ ತಿಂಗಳು ಸುಸ್ತಿ ಇಲ್ಲ, ‘030’ ಎಂದರೆ ಮೂವತ್ತು ದಿನ ತಡ. ನನ್ನ ಬೈಕ್ ಸಾಲದ ಚೌಕಗಳಲ್ಲಿ ಈ ಸಂಖ್ಯೆ ತಿಂಗಳಿಂದ ತಿಂಗಳಿಗೆ ಏರುತ್ತಾ ಹೋಗಿತ್ತು, ಇಲ್ಲದ 472 ರೂಪಾಯಿಗಾಗಿ! ‘ಸೆಟಲ್ಡ್’ ಎಂಬ ಪದವನ್ನೂ ಗಮನಿಸಿ. ಒಂದಿಷ್ಟು ಕಟ್ಟಿ ರಾಜಿ ಮಾಡಿಕೊಂಡರೆ ಲೆಕ್ಕ ಚುಕ್ತಾ ಆಯಿತೆಂದು ಜನ ನೆಮ್ಮದಿಯಾಗಿರುತ್ತಾರೆ. ಮುಂದಿನ ಬ್ಯಾಂಕು ಮಾತ್ರ ಅದನ್ನು ಪೂರ್ತಿ ತೀರದ ಸಾಲವೆಂದೇ ಓದುತ್ತದೆ.

ತಪ್ಪು ಕಂಡರೆ ಅದೇ ಜಾಲತಾಣದಲ್ಲಿ ತಕರಾರು ಸಲ್ಲಿಸಿ, ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಸಾಲ ಕೊಟ್ಟವರು ಒಪ್ಪದೆ ವರದಿ ಕೊಡುವ ಸಂಸ್ಥೆ ತಾನಾಗಿ ದಾಖಲೆ ತಿದ್ದುವಂತಿಲ್ಲ. ಆದ್ದರಿಂದ ಅದೇ ದಿನ ಬ್ಯಾಂಕಿಗೂ ಬೇಬಾಕಿ ಪತ್ರದ ಪ್ರತಿ ಸಹಿತ ಬರೆಯಿರಿ. 30 ದಿನದೊಳಗೆ ಇತ್ಯರ್ಥವಾಗಬೇಕು. ಮೀರಿದರೆ ದಿನಕ್ಕೆ 100 ರೂಪಾಯಿ ಪರಿಹಾರ ನಿಮ್ಮ ಹಕ್ಕು. ಈ ನಿಯಮ 2024ರ ಏಪ್ರಿಲ್‌ನಿಂದ ಜಾರಿಯಲ್ಲಿದೆ, ಕೇಳಲು ಹಿಂಜರಿಯಬೇಡಿ. ಆಗಲೂ ಉತ್ತರ ಬಾರದಿದ್ದರೆ ಗ್ರಾಹಕರ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಆನ್‌ಲೈನ್‌ನಲ್ಲಿ ದೂರು ಕೊಡಬಹುದು, ಶುಲ್ಕವಿಲ್ಲ. ಮಾಹಿತಿಗೆ 14448ಕ್ಕೆ ಕರೆ ಮಾಡಿ.

ನನ್ನ ತಕರಾರಿಗೆ ಹತ್ತೊಂಬತ್ತನೆಯ ದಿನ ಉತ್ತರ ಬಂತು, ಸಿಬಿಲ್ ವರದಿಯಲ್ಲಿ ಆ ಖಾತೆ ಮುಚ್ಚಿತು. ಅನುಮಾನ ಬಂದು ಉಳಿದ ಮೂರನ್ನೂ ತೆರೆದು ನೋಡಿದೆ. ಎರಡರಲ್ಲಿ 472 ರೂಪಾಯಿ ಹಾಗೆಯೇ ಕುಳಿತಿತ್ತು. ಅದೇ ಬೇಬಾಕಿ ಪತ್ರ ಲಗತ್ತಿಸಿ ಅಂದೇ ಇನ್ನೆರಡು ದೂರು ಕೊಟ್ಟೆ.